ಕನ್ನಡಕದವಳು ಮತ್ತು ಷರತ್ತಪ್ಪ

ಅವನು ಮೊದಲ ಸಲ ಅವಳ ಅಂಗಡಿಗೆ ಬರುವಾಗ ಬಾಗಿಲು ಯಾವುದು, ಗಾಜು ಯಾವುದು ಎಂದು ತಿಳಿಯದೆ ಗಾಜಿಗೇ ಹಣೆ ಬಡಿದುಕೊಂಡ. ಒಂದು ಕೈಯಲ್ಲಿ ಮುರಿದ ಕನ್ನಡಕ, ಇನ್ನೊಂದರಲ್ಲಿ ಬ್ಯಾಗು.

"ಅಯ್ಯೋ ನನ್ನ ಕರ್ಮವೇ!" ಎಂದ.

ಅಚ್ಚ ಕನ್ನಡದಲ್ಲಿ. ಒಳಗೆ ಫ್ರೇಮ್ ಒರೆಸುತ್ತಿದ್ದ ಅವಳ ಕೈ ಹಾಗೇ ನಿಂತಿತು. ಈ ಪರದೇಶಕ್ಕೆ ಬಂದು ವರ್ಷಗಳಾಗಿದ್ದವು. ಮನೆಯಲ್ಲಿ ದೊಡ್ಡಮ್ಮನ ಬಾಯಿ ಬಿಟ್ಟರೆ ಬೇರೆ ಯಾರ ಬಾಯಲ್ಲೂ ಈ ಭಾಷೆಯ ಒಂದು ಬೈಗುಳವನ್ನೂ ಅವಳು ಕೇಳಿರಲಿಲ್ಲ.

"ಕರ್ಮ ಅಲ್ಲ, ಗಾಜು. ಬಾಗಿಲು ಎಡಗಡೆ ಇದೆ," ಎಂದಳು.

ಅವನು ತಡವರಿಸುತ್ತಾ ಒಳಗೆ ಬಂದು, ಮುಖವೆಲ್ಲ ನಗುವಾಗಿ, "ನೀವು ಕನ್ನಡದವರಾ!" ಎಂದು ಕೈ ಮುಗಿದ. ಮುಗಿದದ್ದು ಮೂಲೆಯಲ್ಲಿದ್ದ ಜಾಹೀರಾತಿನ ರಟ್ಟಿನ ಹುಡುಗಿಗೆ.

"ನಾನು ಈ ಕಡೆ ಇದ್ದೀನಿ."

"ಓ. ಸಾರಿ. ಅವರೂ ಚೆನ್ನಾಗಿ ನಗ್ತಿದ್ರು."

"ಅವಳಿಗೆ ಅದೇ ಕೆಲಸ. ಕೂತ್ಕೊಳ್ಳಿ."

ಕನ್ನಡಕ ಮಾಡುವುದೆಂದರೆ ಮುಖವನ್ನು ಬಹಳ ಹತ್ತಿರದಿಂದ ನೋಡುವ ಕೆಲಸ. ಎರಡು ಪಾಪೆಗಳ ನಡುವಿನ ಅಂತರ ಅಳೆಯಬೇಕು, ಮೂಗಿನ ಏರು ನೋಡಬೇಕು, ಕಿವಿಯ ಹಿಂದೆ ಬೆರಳಿಟ್ಟು ಕಡ್ಡಿ ಎಲ್ಲಿ ಬಾಗಬೇಕೆಂದು ತಿಳಿಯಬೇಕು. ಅದೆಷ್ಟೋ ಕಣ್ಣುಗಳನ್ನು ಅವಳು ಹೀಗೆ ನೋಡಿದ್ದಳು. ಒಂದು ಜೊತೆಯೂ ಮನೆಯವರೆಗೆ ಅವಳ ಹಿಂದೆ ಬಂದಿರಲಿಲ್ಲ.

"ನನ್ನ ಹುಬ್ಬುಗಳ ಮಧ್ಯೆ ನೋಡಿ."

"ಹುಬ್ಬೇ ಕಾಣ್ತಿಲ್ಲವಲ್ಲ."

"ಇದೆ ಅಂತ ನಂಬಿ ನೋಡಿ."

ಅವನು ನಂಬಿದ. ರೆಪ್ಪೆ ಮಿಟುಕಿಸದೆ, ಪರೀಕ್ಷೆಗೆ ಕೂತ ಹುಡುಗನಂತೆ ನೋಡಿದ. ಜೇನು ಬಣ್ಣದ ಕಣ್ಣುಗಳು. ಎಡಗಣ್ಣಿನ ಅಂಚಿನಲ್ಲಿ ಸಣ್ಣದೊಂದು ಕಪ್ಪು ಚುಕ್ಕೆ. ಅವಳು ಅಳೆದಳು, ಮತ್ತೊಮ್ಮೆ ಅಳೆದಳು. ಅಳತೆ ಮೊದಲ ಸಲವೇ ಸರಿಯಾಗಿತ್ತು ಎಂಬುದನ್ನು ನಾವು ಇಲ್ಲಿ ಹೇಳಬಾರದು, ಆದರೂ ಹೇಳಿಬಿಟ್ಟೆವು.

ಹಳೆಯ ಲೆನ್ಸುಗಳನ್ನೇ ಹೊಸ ಫ್ರೇಮಿಗೆ ಕೂರಿಸಿ ಅವನ ಮೂಗಿನ ಮೇಲಿಟ್ಟಳು. ಅವನು ಕಣ್ಣೆತ್ತಿದ. ಆಗ ಅವಳನ್ನು ಮೊದಲ ಸಲ ನಿಜವಾಗಿ ಕಂಡ.

"ಸ್ಪಷ್ಟವಾಗಿದೆಯಾ?"

"ತುಂಬಾ," ಎಂದವನು ಕಿವಿಯವರೆಗೂ ಕೆಂಪಾದ. ಕನ್ನಡಕದ ಕಡ್ಡಿ ಬಿಗಿಯಾಗಿರಬೇಕು ಎಂದು ಅವಳು ಅದನ್ನು ತೆಗೆದು ಸಡಿಲ ಮಾಡಿಕೊಟ್ಟಳು. ಕೆಂಪು ಇಳಿಯಲಿಲ್ಲ.

ಎದುರಿನ ಬೇಕರಿಯ ಮಹಡಿಯಲ್ಲಿ ಹೊಸದಾಗಿ ತೆರೆದ ಆರೋಗ್ಯ ವಿಮೆಯ ಆಫೀಸಿನಲ್ಲಿ ಅವನು ಸಲಹೆಗಾರ. ಅದನ್ನು ಕೇಳಿದ್ದೇ ತಡ, ಅವಳು ಕುರ್ಚಿ ಎಳೆದುಕೊಂಡು ಎದುರಿಗೇ ಕೂತಳು.

"ಹಾಗಾದ್ರೆ ನಿಮ್ಮನ್ನ ದೇವರೇ ಕಳಿಸಿದ್ದು. ಮನೇಲಿ ನಾನು, ಅಮ್ಮ ಇಬ್ಬರೇ. ಅಮ್ಮನಿಗೆ ಹೃದಯಕ್ಕೆ ಸ್ಟೆಂಟ್ ಹಾಕಿದೆ. ಅದನ್ನ ಹೇಳಿದ ತಕ್ಷಣ ಕೆಲವರು ಇಲ್ಲ ಅಂತಾರೆ, ಕೆಲವರು ಈ ಅಂಗಡಿ ಮಾರಿದ್ರೂ ಸಾಲದಷ್ಟು ಕೇಳ್ತಾರೆ."

ವಿಷಯ ಅಷ್ಟು ಹಗುರವಾಗಿರಲಿಲ್ಲ. ವಿಮೆಯ ಕಾರ್ಡ್ ತೋರಿಸದಿದ್ದರೆ ಆ ದೇಶದಲ್ಲಿ ವಾಸದ ಪರವಾನಗಿಯನ್ನು ನವೀಕರಿಸುತ್ತಿರಲಿಲ್ಲ. ಅಮ್ಮನಿಗೆ ಇದ್ದ ವಿಮೆ ಆ ಚಳಿಗಾಲಕ್ಕೆ ಮುಗಿದುಹೋಗುತ್ತಿತ್ತು. ಚಳಿಗಾಲ ಮುಗಿಯುವುದರೊಳಗೆ ಹೊಸದು ಸಿಗದಿದ್ದರೆ ಅಮ್ಮ ವಾಪಸ್ ಹೋಗಬೇಕು. ಹೋಗಲು ಅಲ್ಲಿ ಯಾರೂ ಇರಲಿಲ್ಲ.

ಅಮ್ಮ ಎಂದರೆ ದೊಡ್ಡಮ್ಮ. ಹೆತ್ತವಳು ಕೂಸಿನ ಮುಖ ನೋಡುವಷ್ಟರಲ್ಲೇ ಕಣ್ಣು ಮುಚ್ಚಿದ್ದಳು. ಆಕೆಯ ಅಕ್ಕ ಮಗುವನ್ನು ಎತ್ತಿಕೊಂಡವಳು ಮತ್ತೆ ಕೆಳಗಿಳಿಸಲೇ ಇಲ್ಲ. ಮಾತು ಕಲಿತ ದಿನದಿಂದ ಅವಳಿಗೆ ಅಮ್ಮ ಎಂದರೆ ಆಕೆಯೇ. ಅದನ್ನು ವಿಮೆಯವನಿಗೆ ಬಿಡಿಸಿ ಹೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ.

ಆಮೇಲೆ ಅವನು ದಿನಾ ಬರತೊಡಗಿದ. ಮಧ್ಯಾಹ್ನದ ಬಿಸಿಲು ಶೋಕೇಸಿನ ಲೆನ್ಸುಗಳಿಗೆ ತಾಗಿ ಗೋಡೆಯ ಮೇಲೆ ಚೂರು ಚೂರು ಬಣ್ಣ ಚೆಲ್ಲುವ ಹೊತ್ತಿಗೆ ಸರಿಯಾಗಿ, ಕೈಯಲ್ಲಿ ಹೊಸದೊಂದು ಪ್ಲಾನ್ ಹಿಡಿದು.

"ಇದು ಕಡಿಮೆ ಇದೆ. ಆದ್ರೆ ಒಂದು ಷರತ್ತು, ಮೊದಲೇ ಇರೋ ಕಾಯಿಲೆಗೆ ಎರಡು ವರ್ಷ ಕಾಯಬೇಕು."

"ಕಾಯಿಲೆಗೆ ಹೇಳಿ ನೋಡಲಾ, ಸ್ವಲ್ಪ ಕಾಯಮ್ಮಾ ಅಂತ?"

"ಇನ್ನೊಂದಿದೆ. ಆಸ್ಪತ್ರೆ ಖರ್ಚು ಪೂರ್ತಿ ಕೊಡ್ತಾರೆ. ಆದ್ರೆ ಒಂದು ಷರತ್ತು..."

ಅಂಗಡಿಯ ಹಿಂದಿನ ಕೋಣೆಯಲ್ಲಿ ಚಹಾ ಕುದಿಸುತ್ತಿದ್ದ ದೊಡ್ಡಮ್ಮ ಅಲ್ಲಿಂದಲೇ ಕೂಗುತ್ತಿದ್ದರು: "ಬಂದನೇನೇ ಷರತ್ತಪ್ಪ? ಚಹಾ ಕೊಡ್ತೀನಿ ಅನ್ನು. ಆದ್ರೆ ಒಂದು ಷರತ್ತು, ಆರಿಸಿ ಕುಡೀಬಾರದು."

ಅವನು ಪಾಪ, ಕನ್ನಡಕಕ್ಕೆ ಹಬೆ ಹಿಡಿದರೂ ಬಿಸಿಬಿಸಿಯೇ ಕುಡಿಯುತ್ತಿದ್ದ. ಮಂಜಾದ ಗಾಜಿನ ಹಿಂದಿನಿಂದ ಅವಳ ಕಡೆ ನೋಡಿ, ತನ್ನನ್ನು ಯಾರೂ ನೋಡುತ್ತಿಲ್ಲವೆಂದು ಧೈರ್ಯವಾಗಿ ನಗುತ್ತಿದ್ದ. ಹಬೆ ಆರಿದಾಗ ಅವಳ ಕಣ್ಣು ಅಲ್ಲೇ ಇರುತ್ತಿತ್ತು. ಇಬ್ಬರೂ ಗಡಬಡಿಸಿ ಪ್ಲಾನಿನ ಕಡೆ ತಲೆ ಬಗ್ಗಿಸುತ್ತಿದ್ದರು. ಆ ಚಳಿಗಾಲ ಹೀಗೇ ಮುಗಿಯದೆ ನಿಲ್ಲಬಾರದೇ ಎಂದು ಅವಳಿಗೆ ಅನಿಸುತ್ತಿತ್ತು. ಚಳಿಗಾಲ ಮುಗಿದರೆ ಅಮ್ಮನ ಗತಿ ಏನು ಎಂದು ಮರುಕ್ಷಣವೇ ಭಯವಾಗುತ್ತಿತ್ತು.

ಕೊನೆಗೊಂದು ದಿನ ಅವನು ಓಡುತ್ತಲೇ ಬಂದ.

"ಸಿಕ್ತು! ಕುಟುಂಬದ ಪ್ಲಾನ್. ತಾಯಿಗೆ ಸ್ಟೆಂಟ್ ಇದ್ರೂ ಸೇರಿಸ್ಕೋತಾರೆ, ನಿಮ್ಮ ಕೈಗೆಟುಕೋ ಹಾಗಿದೆ. ನಿಮ್ಮ ಜನನ ಪತ್ರ ಒಂದು ಕೊಟ್ರೆ ಸಾಕು, ಅಮ್ಮನ ಹೆಸರು ನೋಡೋಕೆ."

ಚಹಾ ತರುತ್ತಿದ್ದ ದೊಡ್ಡಮ್ಮ ಅಲ್ಲೇ ನಿಂತರು. "ಅದರಲ್ಲಿ ನನ್ನ ತಂಗಿ ಹೆಸರು ಇರುತ್ತಲ್ಲಪ್ಪಾ."

ಅವನು ಅವಳ ಮುಖ ನೋಡಿದ. ಅವಳು ದೊಡ್ಡಮ್ಮನ ಮುಖ ನೋಡಿದಳು.

"ದೊಡ್ಡಮ್ಮ ಅಂದ್ರೆ ಅಮ್ಮನೇ ಅಲ್ವಾ?" ಎಂದಳು ಮೆಲ್ಲಗೆ. "ಹೆಸರಲ್ಲೇ ಇದೆಯಲ್ಲ."

"ನಮಗೆ ಹೌದು. ಇವರ ಪಟ್ಟಿಯಲ್ಲಿ ಚಿಕ್ಕಮ್ಮ, ದೊಡ್ಡಮ್ಮ ಎಲ್ಲಾ ದೂರದ ನೆಂಟರು. ಕುಟುಂಬ ಅಲ್ಲ." ಅವನ ದನಿ ಕುಸಿಯಿತು. ಅವಳ ಮುಖ ಬಾಡಿದ್ದನ್ನು ಅವನಿಂದ ನೋಡಲಾಗಲಿಲ್ಲ. ನೋಡಲಾರದೆ, ತಲೆಗೆ ಬಂದದ್ದನ್ನೆಲ್ಲ ಹೇಳತೊಡಗಿದ. "ಇನ್ನೊಂದು ದಾರಿ ಇದೆ. ನಮ್ಮ ಆಫೀಸಿನ ನೌಕರರ ಪ್ಲಾನ್. ಅದರಲ್ಲಿ ಹೆಂಡತಿ, ಹೆಂಡತಿ ಜೊತೆ ವಾಸ ಇರೋ ಹಿರಿಯರು, ಎಲ್ಲರೂ ಸೇರ್ತಾರೆ. ಕಾಯಿಲೆ ಕೇಳಲ್ಲ."

"ಅಂದ್ರೆ?"

"ಅಂದ್ರೆ... ನೀವು ನನ್ನನ್ನ ಮದುವೆ ಆದ್ರೆ... ಚಳಿಗಾಲದೊಳಗೆ... ಅರ್ಹತೆ ಬರುತ್ತೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದೊಡ್ಡಮ್ಮ ಚಹಾದ ಲೋಟ ಹಿಡಿದುಕೊಂಡೇ ಸದ್ದಿಲ್ಲದೆ ಒಳಗೆ ಸರಿದರು.

"ನೀವು ಮದುವೆ ಕೇಳ್ತಿದ್ದೀರೋ, ಪ್ಲಾನ್ ಮಾರ್ತಿದ್ದೀರೋ?"

"ನಾನು ಹೇಳಬೇಕು ಅಂದ್ಕೊಂಡಿದ್ದು ಹೀಗಲ್ಲ..."

"ಹಂಗಿನ ಸಂಸಾರ ನನಗೆ ಬೇಡ. ನೀವಿನ್ನು ಹೊರಡಿ."

ಅವನು ಹೊರಟ. ಈ ಸಲ ಬಾಗಿಲು ನೇರವಾಗಿಯೇ ಸಿಕ್ಕಿತು.

ಅವಳಿಗೆ ಸಿಟ್ಟು ಬಂದದ್ದು ಅವನ ಮೇಲಷ್ಟೇ ಅಲ್ಲ. ಅವನು ಆ ಮಾತು ಕೇಳುತ್ತಾನೆ, ತಾನು ಹೂಂ ಎನ್ನುತ್ತೇನೆ ಎಂದು ಎಷ್ಟು ಮಧ್ಯಾಹ್ನ ಕನಸು ಕಂಡಿದ್ದಳೋ! ಕೇಳಿದಾಗ ಹೂಂ ಎಂಬುದು ನಾಲಿಗೆಯ ತುದಿಗೇ ಬಂದಿತ್ತು. ಬಂದದ್ದು ಅವನಿಗಾಗಿಯೋ, ಅಮ್ಮನ ಕಾರ್ಡಿಗಾಗಿಯೋ ಎಂದು ಅವಳಿಗೇ ತಿಳಿಯಲಿಲ್ಲ. ಮುಂದೆ ಎಂದೋ ಒಂದು ದಿನ ಅವನ ಪಕ್ಕದಲ್ಲಿ ಎಚ್ಚರಗೊಂಡು, ಇವನನ್ನು ಯಾತಕ್ಕೆ ಕಟ್ಟಿಕೊಂಡೆ ಎಂದು ತನ್ನನ್ನೇ ಕೇಳಿಕೊಳ್ಳಬೇಕಾದರೆ? ಆ ಭಯವೇ ಅವನನ್ನು ಹೊರಗೆ ಕಳಿಸಿತ್ತು.

"ಹುಡುಗ ಕೆಟ್ಟವನಲ್ಲ ಕಣೇ. ಬಾಯಿಗೆ ಬುದ್ಧಿ ಸ್ವಲ್ಪ ಕಡಿಮೆ," ಎಂದರು ದೊಡ್ಡಮ್ಮ. "ನನಗೋಸ್ಕರ ನೀನು ಹೂಂ ಅನ್ನೋದೂ ಬೇಡ, ಉಹೂಂ ಅನ್ನೋದೂ ಬೇಡ. ಬೇಕಾದ್ರೆ ನಾನು ಹೊರಟುಹೋಗ್ತೀನಿ."

"ಯಾರ ಹತ್ರ ಹೋಗ್ತೀಯಮ್ಮಾ?"

ದೊಡ್ಡಮ್ಮ ತಮ್ಮ ಶಾಲಿನ ಅರ್ಧವನ್ನು ಅವಳ ಹೆಗಲಿಗೆ ಹೊದಿಸಿದರು.

ಅವನು ಮತ್ತೆ ಬರಲಿಲ್ಲ. ಅವಳು ಬೇರೆ ಆಫೀಸುಗಳಿಗೆಲ್ಲ ಅಲೆದಳು. ಎಲ್ಲೆಡೆ ನಯವಾದ ನಗು, ನಯವಾದ ಇಲ್ಲ. ಅಂಗಡಿಗೆ ಮರಳಿದರೆ ಗಾಜಿನಾಚೆ ಅವನೇ ಕಾಣುತ್ತಿದ್ದ, ಬೇಕರಿಯ ಪಕ್ಕದ ಹೂವಿನಂಗಡಿಯಲ್ಲಿ. ಹೂವಿನವಳು ಗಂಟಲು ದೊಡ್ಡ ಮಾಡಿ ನಗುವ ಚೆಲುವೆ. ಅವಳೇನೋ ಹೇಳುತ್ತಿದ್ದಳು, ಇವನು ತಲೆಯಾಡಿಸಿ ನಗುತ್ತಿದ್ದ. ಮರುದಿನವೂ ಅಲ್ಲೇ. ಅದರ ಮರುದಿನವೂ.

"ಹೂವು ತಗೊಂಡನಾ?" ಎಂದರು ದೊಡ್ಡಮ್ಮ ಇಣುಕಿ.

"ನನಗೇನು ಗೊತ್ತು? ನಾನು ನೋಡ್ತಾ ಇಲ್ಲ."

"ಹೌದೌದು. ಆ ಗಾಜನ್ನ ಬೆಳಿಗ್ಗೆಯಿಂದ ಅದೆಷ್ಟು ಒರೆಸ್ತೀಯೇ, ಸವೆದುಹೋಗುತ್ತೆ."

ಹೊಟ್ಟೆಕಿಚ್ಚಿಗೆ ಮದ್ದಿಲ್ಲ. ಒಬ್ಬ ಗಿರಾಕಿಯ ಕನ್ನಡಕಕ್ಕೆ ಎಡದ ಲೆನ್ಸನ್ನು ಬಲಕ್ಕೆ ಕೂರಿಸಿದಳು. ಆ ಮನುಷ್ಯ ಮೆಟ್ಟಿಲಿಳಿಯುತ್ತಲೇ ಓಲಾಡಿ ವಾಪಸ್ ಬಂದ. ಆ ಅಂಗಡಿಯಲ್ಲಿ ಅಂಥದ್ದು ಹಿಂದೆಂದೂ ಆಗಿರಲಿಲ್ಲ.

ವಾರ ಕಳೆದ ಮೇಲೆ ಹೂವಿನವಳೇ ಅಂಗಡಿಗೆ ಬಂದಳು. ಆ ಊರಿನ ಭಾಷೆಯಲ್ಲಿ ಗಡಗಡ ಮಾತಾಡುತ್ತಾ ಒಂದು ಅರ್ಜಿಯನ್ನು ಮೇಜಿನ ಮೇಲಿಟ್ಟಳು.

"ಸಹಿ ಹಾಕು. ನಿನ್ನದೊಂದೇ ಬಾಕಿ."

"ಏನಿದು?"

"ನಮ್ಮ ಬೀದಿಯ ವಿಮೆ! ಒಬ್ಬೊಬ್ಬರೇ ಅಂಗಡಿ ನಡೆಸೋರು ಹತ್ತು ಹನ್ನೆರಡು ಜನ ಸೇರಿದ್ರೆ ಗುಂಪಿನ ಪ್ಲಾನ್ ಕೊಡ್ತಾರಂತೆ. ಬೀಗದ ಕೀಲಿಯವನು, ಚಪ್ಪಲಿ ಹೊಲಿಯೋನು, ಕ್ಷೌರದವನು, ಎಲ್ಲರೂ ಸೇರಿದೀವಿ. ಇದರಲ್ಲಿ ನೆಂಟಸ್ತನ ಕೇಳಲ್ಲ. ಒಂದೇ ವಿಳಾಸ, ಒಂದೇ ಅಡುಗೆಮನೆ ಇದ್ರೆ ಸಾಕು, ಒಂದೇ ಕುಟುಂಬ. ಹಳೇ ಕಾಯಿಲೆನೂ ಕೇಳಲ್ಲ. ಕ್ಷೌರದವನು ಎಷ್ಟು ಸತಾಯಿಸಿದ ಗೊತ್ತಾ! ಪಾಪ, ಆ ಹುಡುಗ ಅವನನ್ನ ಒಪ್ಪಿಸೋಕೆ ಮೂರು ಸಲ ತಲೆ ಕೊಟ್ಟು ಕೂತ. ಈಗ ಕತ್ತರಿಸೋಕೆ ಕೂದಲೇ ಉಳಿದಿಲ್ಲ."

"ಯಾವ ಹುಡುಗ?"

ಹೂವಿನವಳು ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ. ತಾನು ಮಾಡಿದ್ದು ಅಂತ ನಿನಗೆ ಹೇಳಬೇಡಿ ಅಂದಿದ್ದ. ನನ್ನ ಬಾಯಲ್ಲಿ ಯಾವ ಮಾತು ನಿಂತಿದೆ ಹೇಳು?"

ಅವಳು ಸಹಿ ಹಾಕಿದಳು. ಕಣ್ಣು ಎದುರಿನ ಮಹಡಿಯ ಕಡೆ ಇದ್ದುದರಿಂದ ಹೆಸರು ಸೊಟ್ಟಗಾಯಿತು.

ಚಳಿ ಇನ್ನೂ ಇದ್ದಾಗಲೇ ಕಾರ್ಡುಗಳು ಅಂಚೆಯಲ್ಲಿ ಬಂದವು, ಅವಳದೊಂದು, ದೊಡ್ಡಮ್ಮನದೊಂದು. ದೊಡ್ಡಮ್ಮ ತಮ್ಮದನ್ನು ಸೆರಗಿನಿಂದ ಒರೆಸಿ ಎದೆಗೊತ್ತಿಕೊಂಡರು. ಅವಳು ಅವರ ಮಡಿಲಲ್ಲಿ ಮುಖವಿಟ್ಟು ಅತ್ತಳು. ಇನ್ನು ಅಮ್ಮ ಎಲ್ಲಿಗೂ ಹೋಗಬೇಕಾಗಿಲ್ಲ. ತಿಂಗಳುಗಟ್ಟಲೆ ಎದೆಯ ಮೇಲಿದ್ದ ಬಂಡೆ ಉರುಳಿಹೋಗಿತ್ತು.

ಅತ್ತು, ಮುಖ ತೊಳೆದು, ಅಂಗಡಿಯಲ್ಲಿ ಕೂತಳು. ಬಿಸಿಲು ಬಂದು ಗೋಡೆಯ ಮೇಲೆ ಬಣ್ಣ ಚೆಲ್ಲಿತು. ಅವಳ ಕಣ್ಣು ಬಾಗಿಲ ಕಡೆ ಹೋಯಿತು. ಇನ್ನು ಯಾವ ಪ್ಲಾನಿಗೂ ಕಾಯಬೇಕಿರಲಿಲ್ಲ. ಆದರೂ ಕಣ್ಣು ಅಲ್ಲೇ ನಿಂತಿತು. ಕಾರ್ಡು ಬಂದರೂ ಕಾಯುವುದು ನಿಲ್ಲಲಿಲ್ಲವೆಂದರೆ ಅದು ಕಾರ್ಡಿಗಾಗಿ ಅಲ್ಲ ಎಂದು ಅವಳಿಗೆ ಆಗ ಅರ್ಥವಾಯಿತು.

"ಅಮ್ಮಾ, ಅಂಗಡಿ ನೋಡ್ಕೋ."

"ಹೋಗು ಹೋಗು. ನಾನೇನು ಕೇಳಿದೆನಾ?"

ಕೆಲಸದ ಏಪ್ರನ್ ಬಿಚ್ಚುವಷ್ಟೂ ವ್ಯವಧಾನವಿಲ್ಲದೆ ಬೀದಿ ದಾಟಿ, ಬೇಕರಿಯ ಬೆಚ್ಚನೆಯ ಪರಿಮಳದ ನಡುವೆ ಮೆಟ್ಟಿಲು ಹತ್ತಿದಳು. ಅವನು ವಯಸ್ಸಾದ ಗಂಡ ಹೆಂಡತಿಗೆ ಏನೋ ವಿವರಿಸುತ್ತಿದ್ದ. ತಲೆಗೂದಲು ನಿಜವಾಗಿಯೂ ಹುಲ್ಲು ಕತ್ತರಿಸಿದ ಹಾಗಿತ್ತು. ಅವಳನ್ನು ಕಂಡು ಎದ್ದುನಿಂತ.

"ಕಾರ್ಡ್ ಬರಲಿಲ್ವಾ? ಏನಾದ್ರೂ ತಪ್ಪಾಗಿದೆಯಾ?"

"ಬಂತು. ಎಲ್ಲಾ ಸರಿಯಾಗಿದೆ."

"ಮತ್ತೆ... ಏನು ಬೇಕಾಗಿತ್ತು?"

"ಇವತ್ತು ನನಗೆ ನಿಮ್ಮಿಂದ ಏನೂ ಬೇಕಾಗಿಲ್ಲ," ಎಂದಳು. ಉಸಿರು ಇನ್ನೂ ಏರಿಳಿಯುತ್ತಿತ್ತು. "ಅದಕ್ಕೇ ಬಂದೆ."

ಅವನಿಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ತಿಳಿದಾಗ ಅಲ್ಲೇ ಮೇಜಿನ ಅಂಚು ಹಿಡಿದುಕೊಂಡ. ಭಾಷೆ ತಿಳಿಯದಿದ್ದರೂ ವಿಷಯ ತಿಳಿದ ಮುದುಕಿ ಗಂಡನ ತೋಳು ತಿವಿದು, ಇಬ್ಬರೂ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತರು.

"ಆವತ್ತು ಹಾಗೆ ಕೇಳಿದ್ದು ನನ್ನ ತಪ್ಪು," ಎಂದ ಅವನು. "ನಿಮ್ಮ ಮುಖ ನೋಡಲಾಗ್ದೆ ಕೇಳಿಬಿಟ್ಟೆ. ಆಮೇಲೆ ಅನ್ನಿಸ್ತು, ನಿಮಗೆ ನನ್ನ ಹಂಗೇ ಇರಬಾರದು, ನನ್ನನ್ನ ಬೇಡ ಅಂದ್ರೂ ಅಮ್ಮ ನಿಮ್ಮ ಜೊತೇನೇ ಇರಬೇಕು. ಅಷ್ಟು ಮಾಡಿ ಸುಮ್ಮನಿರೋಣ ಅಂದ್ಕೊಂಡೆ."

"ಸುಮ್ಮನೆ ಇದ್ದೇಬಿಡ್ತಿದ್ರಾ?"

"ಇರ್ತಿದ್ದೆ. ತುಂಬಾ ಕಷ್ಟ ಆಗ್ತಿತ್ತು."

ಅವಳು ಅವನ ಕಣ್ಣುಗಳನ್ನು ನೋಡಿದಳು, ಅಳೆಯಲಿಕ್ಕಲ್ಲ. ಅವನ ಕೈ ಹಿಡಿದುಕೊಂಡು, ತನ್ನ ದನಿ ತನಗೇ ಹೊಸದೆನಿಸುವಷ್ಟು ಮೆಲ್ಲಗೆ ಹೇಳಿದಳು:

"ಈಗ ಕೇಳಿ."