ಹಾಸುಬಂಡೆಯ ಏರಿನಲ್ಲಿ ನೂರ ಎಂಬತ್ತೊಂದು

ಹೆಗ್ಗದ್ದೆಯ ಆಚೆ, ಕಣಿವೆಯ ತಳದಲ್ಲಿರುವ ಕಾಫಿ ತೋಟಕ್ಕೆ ಜೀಪು ಇಳಿಯುವುದಿಲ್ಲ. ಅಲ್ಲಿ ಕುಯ್ದ ಹಣ್ಣನ್ನು ತಲೆಯ ಮೇಲೆ ಹೊತ್ತು ಮೇಲಿನ ಕಣಕ್ಕೆ ತರಬೇಕು. ನಡುವೆ ಒಂದು ಹಳ್ಳ, ಒಂದು ಮೈಲಿ ಕಾಡು, ಕೊನೆಗೆ ಹಾಸುಬಂಡೆಯ ಏರು. ೧೯೯೯ರ ಡಿಸೆಂಬರಿನ ಒಂದು ಬೆಳಿಗ್ಗೆ ರೀನಾ ಅಲ್ಲಿಗೆ ಇಳಿದಳು. ಭಾರ ಹೊತ್ತವರ ಮಾಂಸಖಂಡ, ಹೃದಯ ಎಷ್ಟು ದುಡಿಯುತ್ತವೆ ಎಂದು ಅಳೆಯುವುದು ಅವಳ ಸಂಶೋಧನೆ. ಐವತ್ತು ದಾಟಿದ ಹೆಂಗಸರಿಗೆ ಮೂವತ್ತು ಕಿಲೋ ಹೊರೆ ಅತಿಯಾಯಿತೆಂದು ಅಂಕಿಯಲ್ಲಿ ತೋರಿಸಿದರೆ ಇಪ್ಪತ್ತಕ್ಕೆ ಇಳಿಸುವುದಾಗಿ ಮ್ಯಾನೇಜರ್ ಸಿಪ್ರಿಯನ್ ಒಪ್ಪಿದ್ದರು. ಅಂಕಿ ಸಂಜೆಯೊಳಗೆ ಬೇಕಿತ್ತು.

ಐವತ್ತನಾಲ್ಕರ ಭೂತಮ್ಮನ ಎದೆಗೆ ರೀನಾ ಪಟ್ಟಿ ಬಿಗಿದು, ಮಣಿಕಟ್ಟಿಗೆ ಗಡಿಯಾರ ಕಟ್ಟಿದಳು.

"ಏನ್ ಮಾಡ್ತದವ್ವ ಇದು?"

"ಎದೆ ಎಷ್ಟು ಸಲ ಬಡೀತದೆ ಅಂತ ಎಣಿಸ್ತದೆ."

"ಎಣಿಸ್ಲಿ ಬುಡು. ಇಲ್ಲೀಗಂಟ ಬರೀ ಮೂಟೆ ಎಣಿಸೋರನ್ನೇ ನೋಡಿದ್ದು."

ರೀನಾ ಮುಂದೆ, ನಡುವೆ ಭೂತಮ್ಮ, ಹಿಂದೆ ತನ್ನದೇ ಮೂಟೆ ಹೊತ್ತ ಅವಳ ಗಂಡ ಕೆಂಚಯ್ಯ. ಹಳ್ಳದ ಮೇಲೆ ಅಡ್ಡ ಹಾಕಿದ ಮರದ ದಿಮ್ಮಿಯನ್ನು ಒಬ್ಬೊಬ್ಬರಾಗಿ ದಾಟಿದರು. ಕಾಡಿನೊಳಗೆ ಮಂಜು ಇನ್ನೂ ಕರಗಿರಲಿಲ್ಲ. ಎಲೆಗಳಿಂದ ಹನಿ ತೊಟ್ಟಿಕ್ಕುತ್ತಿತ್ತು, ಎಲ್ಲೋ ಮೇಲೆ ಮಂಗಟ್ಟೆ ಹಕ್ಕಿ ರೆಕ್ಕೆ ಬಡಿಯುತ್ತ ಹಾದುಹೋಯಿತು. ಬೇರುಗಳೇ ಮೆಟ್ಟಿಲಾದ ಆ ದಾರಿಯಲ್ಲಿ ಬರಿಗೈಯ ರೀನಾಳಿಗೇ ಏದುಸಿರು. ಮಾಂಸಖಂಡದ ವಿಷಯ ಓದಿದ್ದು ಕಾಲಿಗೆ ಏನೂ ಪ್ರಯೋಜನಕ್ಕೆ ಬರಲಿಲ್ಲ.

ಹಾಸುಬಂಡೆಯ ಬುಡದಲ್ಲಿ ಭೂತಮ್ಮನ ಕೈ ಹಿಡಿದು ಗಡಿಯಾರ ನೋಡಿದಳು. ನಿಮಿಷಕ್ಕೆ ಬರೀ ನೂರ ಹದಿನೆಂಟು! ಇದನ್ನು ಕೊಟ್ಟರೆ ಮೂವತ್ತು ಕಿಲೋ ಮೂವತ್ತಾಗಿಯೇ ಉಳಿಯುತ್ತದೆ. ತಿರುಗಿ ನೋಡಿದಳು. ಕೆಂಚಯ್ಯನ ಒಂದು ಕೈ ತನ್ನ ಮೂಟೆಯ ಮೇಲಿತ್ತು. ಇನ್ನೊಂದು ಕೈ ಹೆಂಡತಿಯ ಬೆನ್ನನ್ನು ಮೇಲಕ್ಕೆ ಒತ್ತುತ್ತಿತ್ತು.

"ಕೆಂಚಯ್ಯನವರೇ, ಎಲ್ಲಿಂದ ಹೀಗೆ ತಳ್ತಾ ಇದ್ದೀರಿ?"

"ಹಳ್ಳ ದಾಟಿದಾಗಿಂದ. ದಿನಾ ಹಿಂಗೇಯ."

"ನಮ್ ಕೂಲಿ ಲೈನಲ್ಲಿ ಎಲ್ಲಾ ಗಂಡಸ್ರೂ ಹಿಂಗೇ ಕಣವ್ವ," ಎಂದಳು ಭೂತಮ್ಮ. "ಏರಲ್ಲಿ ಬೆನ್ನಿಗೆ ಕೈ ಕೊಡ್ದಿದ್ರೆ ಮನೇಲಿ ಜಗಳ ಆಗೈತೆ ಅಂತಾರೆ."

ರೀನಾ ಪಟ್ಟಿ, ಗಡಿಯಾರ ಎರಡನ್ನೂ ಬಿಚ್ಚಿ ಕೆಂಚಯ್ಯನಿಗೆ ಕಟ್ಟಿದಳು. "ದಿನಾ ಹೇಗೋ ಹಾಗೇ ನಡೀರಿ."

ಬಂಡೆ ಇಬ್ಬನಿಗೆ ಜಾರುತ್ತಿತ್ತು. ರೀನಾ ಈಗ ಅವನ ಪಕ್ಕದಲ್ಲೇ ಗಡಿಯಾರ ನೋಡುತ್ತ ಏರಿದಳು. ಮೊದಲ ತಿರುವಿನಲ್ಲಿ ನೂರ ಐವತ್ತೆಂಟು. ಎರಡನೆಯದರಲ್ಲಿ ನೂರ ಎಪ್ಪತ್ತು. ಕೆಂಚಯ್ಯನಿಗೆ ಐವತ್ತೆಂಟು ವರ್ಷ; ಆ ವಯಸ್ಸಿಗೆ ನೂರ ಅರವತ್ತರ ಆಸುಪಾಸೇ ಮಿತಿ. ಅಲ್ಲೇ ನಿಲ್ಲಿಸಬೇಕಿತ್ತು. ಅಂಕಿಯ ಆಸೆಗೆ ರೀನಾ ಇನ್ನೂ ಹತ್ತು ಹೆಜ್ಜೆ ಬಿಟ್ಟಳು.

ನೂರ ಎಂಬತ್ತೊಂದು.

"ಸಾಕು, ನಿಲ್ಲಿ!"

ಕೆಂಚಯ್ಯನ ಮೊಣಕಾಲು ಕುಸಿಯಿತು. ಮೂಟೆ ಉರುಳಿ ಕಣಿವೆಗೆ ಬಿತ್ತು. ಅವನು ಬಂಡೆಯ ಅಂಚಿಗೆ ಜಾರಿದ.

ಭೂತಮ್ಮ ತನ್ನ ಮೂಟೆಯನ್ನು ಎತ್ತೆಸೆದಳು. ಬೋರಲು ಬಿದ್ದು ಗಂಡನ ತೋಳು ಹಿಡಿದಳು. ರೀನಾ ತನ್ನ ದುಪಟ್ಟಾವನ್ನು ಅವನ ಕಂಕುಳಡಿ ತೂರಿಸಿ, ಬಂಡೆಯ ಬಿರುಕಿಗೆ ಕಾಲು ಕೊಟ್ಟು ಎಳೆದಳು. ಒಂದು ಗೇಣು. ಇನ್ನೊಂದು ಗೇಣು. ಮೂವರೂ ಮೇಲಿನ ಹುಲ್ಲಿನ ಮೇಲೆ ಬಿದ್ದರು.

ಭೂತಮ್ಮ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಎದೆ ನೀವಿದಳು. ರೀನಾ ಅವನ ಮಣಿಕಟ್ಟು ಬಿಡದೆ ಅಂಕಿ ಓದುತ್ತಿದ್ದಳು. ನೂರ ಅರವತ್ತು. ನೂರ ಮೂವತ್ತೈದು. ನೂರ ನಾಲ್ಕು. ಓದುತ್ತ ಓದುತ್ತ ಅವಳಿಗೆ ಅಳು ಬಂತು. "ನನ್ನದೇ ತಪ್ಪು," ಎಂದಳು.

"ಅಳ್ಬೇಡ ಮಗಾ," ಎಂದ ಕೆಂಚಯ್ಯ. "ನೀರೈತಾ?"

ಮೇಲಿನ ಕಣ ಮುಟ್ಟುವಾಗ ಮಧ್ಯಾಹ್ನ ಇಳಿದಿತ್ತು. ಇಬ್ಬರು ಹೆಂಗಸರ ಹೆಗಲಿಗೆ ಕೈ ಹಾಕಿ ಕೆಂಚಯ್ಯ ನಡೆದೇ ಬಂದ. ಸಿಪ್ರಿಯನ್ ಎರಡೂ ಅಂಕಿಗಳನ್ನು ನೋಡಿದರು, ಕಾರಣ ಕೇಳಿದರು. ಆಮೇಲೆ 'ಐವತ್ತು ದಾಟಿದ ಹೆಂಗಸರಿಗೆ ಇಪ್ಪತ್ತು ಕಿಲೋ' ಎಂದು ಬರೆದು ಓದಿದರು.

"ಇವ್ರಿಗೆ?" ಎಂದು ಭೂತಮ್ಮ ಗಂಡನನ್ನು ತೋರಿಸಿದಳು.

"ಹೆಂಗಸರದ್ದು ಮಾತ್ರ ಮಾತಾಗಿದ್ದು."

"ಅಂಗಾದ್ರೆ ನಂಗೂ ಮೂವತ್ತೇ ಇರ್ಲಿ ಬುಡಿ ಸಾಮಿ."

ರೀನಾ ನೂರ ಎಂಬತ್ತೊಂದರ ಮೇಲೆ ಬೆರಳಿಟ್ಟಳು. ಸಿಪ್ರಿಯನ್ 'ಹೆಂಗಸರಿಗೆ' ಎಂಬುದನ್ನು ಹೊಡೆದುಹಾಕಿ 'ಎಲ್ಲರಿಗೂ' ಎಂದು ಬರೆದರು.

ಮೂವರೂ ಲೈನ್ ಮನೆಗಳತ್ತ ನಿಧಾನವಾಗಿ ನಡೆದರು. ಭೂತಮ್ಮನಿಗೆ ಈಗ ಸಿಟ್ಟು ಬಂದಿತ್ತು.

"ಎದೆ ಅಷ್ಟೊಂದು ಬಡ್ಕೊಳ್ತಿತ್ತಲ್ಲ, ಒಂದ್ ಮಾತು ಹೇಳಬಾರ್ದಿತ್ತಾ?"

"ಹೇಳಿದ್ರೆ ನೀನು ಕೈ ತೆಗಿ ಅಂತಿದ್ದೆ ಕಣೆ," ಎಂದ ಕೆಂಚಯ್ಯ.