ಎಲ್ಲರೂ ಬಿಡಿಸಿದ ಮೂವತ್ತನೇ ಪ್ರಶ್ನೆ

"ಮೂವತ್ತನೇದು ಬಿಟ್ಬಿಡೇ! ಯಾರಿಗೂ ಬರಲ್ಲ ಅಂತ ಗೊತ್ತಿದ್ದೇ ಕೊಡ್ತಾರೆ," ಎಂದಳು ಬೊಮಿ. ಅವಳ ಬಾಯಿ ತುಂಬ ತ್ತೊಕ್‌ಬೊಕ್ಕಿ, ಅಂದರೆ ಖಾರದ ಅಕ್ಕಿ ಕಡುಬು, ಇತ್ತು.

"ಮೊದ್ಲು ನುಂಗು. ಇಲ್ನೋಡು." ಯೆರಿನ್ ತಿಂಡಿ ಅಂಗಡಿಯ ಟಿಶ್ಯೂ ಮೇಲೆ ಗುಡ್ಡದಂಥ ಗೆರೆ ಎಳೆದು, ಸರಿಯಾಗಿ ನಡುವೆ ಮಡಿಸಿದಳು. "ಎರಡೂ ಕಡೆ ಒಂದೇ ಥರ ಇದೆ ಅಲ್ವಾ? ಅರ್ಧಕ್ಕೆ ಲೆಕ್ಕ ಮಾಡು, ಆಮೇಲೆ ಡಬಲ್ ಮಾಡು. ಮುಗೀತು!"

"ಅಯ್ಯೋ, ಇಷ್ಟೇನಾ?"

ಇಬ್ಬರೂ ನಾಲ್ಕನೇ ಕ್ಲಾಸು. ಪ್ರಶ್ನೆ ಮಾತ್ರ ಕಾಲೇಜು ಪ್ರವೇಶ ಪರೀಕ್ಷೆಯದು, ಗಣಿತ ಪತ್ರಿಕೆಯ ಕೊನೆಯದು, ಎಲ್ಲಕ್ಕಿಂತ ಕಷ್ಟದ್ದು. ಸಿಯೋಲಿನ ಈ ಬೀದಿಯಲ್ಲಿ ಹಾಲುಹಲ್ಲು ಪೂರ್ತಿ ಬೀಳುವ ಮೊದಲೇ ಮಕ್ಕಳನ್ನು ಡಾಕ್ಟರ್ ಮಾಡಲು ಹೊರಡುತ್ತಾರೆ. ದೊಡ್ಡವರಿಗೆ ಅಷ್ಟು ಅವಸರ.

ಅಂದು ಟ್ಯೂಷನ್ನಿನಲ್ಲಿ ಟೆಸ್ಟ್ ಇತ್ತು. ಮುಂದೆ ಬಂದವರು ಮೇಲಿನ ಮಹಡಿಯ ಡಾಕ್ಟರ್ ಬ್ಯಾಚಿಗೆ ಹೋಗುತ್ತಾರೆ. ಉಳಿದವರದು ಮಾಮೂಲಿ ಬ್ಯಾಚು, ಅದೂ ಬೇರೆ ದಿನ. ಯೆರಿನ್ ಮತ್ತು ಬೊಮಿಯ ಶಾಲೆಗಳು ಬೇರೆ ಬೇರೆ. ಅವರು ಸಿಗುವುದು ಟ್ಯೂಷನ್ನಿನಲ್ಲಿ ಮಾತ್ರ. ಬ್ಯಾಚು ಬೇರೆಯಾದರೆ ಮುಗಿಯಿತು, ಮತ್ತೆ ಸಿಗಲು ಇಬ್ಬರಿಗೂ ಪುರುಸೊತ್ತೇ ಇಲ್ಲ.

"ನಂಗೂ ಹೇಳ್ಕೊಡಿ, ಟೀಚರಮ್ಮಾ!" ಎಂದು ಪಕ್ಕದ ಮೇಜಿನಿಂದ ಸಿಹು ಅಣಕಿಸಿದ. ಅವನೂ ಅದೇ ಟ್ಯೂಷನ್ನಿನವನು. ಅವನ ಹಿಂದೆಯೇ ಟ್ಯೂಷನ್ನಿನ ಉಳಿದ ಮಕ್ಕಳೂ ಬಂದರು. ಯೆರಿನ್ ಎಲ್ಲರಿಗೂ ಟಿಶ್ಯೂ ಮಡಿಸಿ ತೋರಿಸಿದಳು.

ಟೆಸ್ಟಿನಲ್ಲಿ ಅದೇ ಥರದ ಪ್ರಶ್ನೆ ಬಂತು. ಎಲ್ಲರೂ ಬಿಡಿಸಿದರು! ಹೊರಗೆ ಬಂದು ಒಬ್ಬರ ಕೈಗೆ ಒಬ್ಬರು ಕೈ ಹೊಡೆದು ಕುಣಿದರು.

ಟ್ಯೂಷನ್ನಿನ ಕು ಸರ್ ಉತ್ತರಪತ್ರಿಕೆಗಳನ್ನು ತಂದಾಗ ಅವರ ಮುಖ ಗಂಟಿಕ್ಕಿತ್ತು.

"ಮೂವತ್ತನೇದು ಎಲ್ಲರಿಗೂ ಬಂದಿದೆ. ಈ ಟೆಸ್ಟ್ ಕ್ಯಾನ್ಸಲ್."

"ಸರ್, ಎಲ್ಲರದ್ದೂ ಸರಿ ಇದೆ ಅಲ್ವಾ?" ಯೆರಿನ್ ಕೇಳಿದಳು.

"ಅದೇ ತೊಂದರೆ ಕಣಮ್ಮಾ. ಈಗ ಯಾರನ್ನ ಮೇಲೆ ಕಳಿಸ್ಲಿ, ಯಾರನ್ನ ಕೆಳಗೆ ಬಿಡ್ಲಿ? ಕೆಲವರಿಗೆ ಬರಬಾರದು ಅಂತಾನೇ ಆ ಪ್ರಶ್ನೆ ಇರೋದು." ಸರ್ ಹೊಸ ಹಾಳೆ ಹಂಚಿದರು. "ನಾಳೆ ಮತ್ತೆ ಟೆಸ್ಟ್. ಇಂಥದ್ದೇ ಪ್ರಶ್ನೆ ಬರುತ್ತೆ. ಅವರವರೇ ಯೋಚನೆ ಮಾಡಿ."

ಯೆರಿನ್ ಕಾರು ಹತ್ತುವ ಹೊತ್ತಿಗೆ ಅಮ್ಮನಿಗೆ ವಿಷಯ ಆಗಲೇ ಗೊತ್ತಾಗಿತ್ತು.

"ಎಲ್ಲರಿಗೂ ಹೇಳ್ಕೊಟ್ಟೋಳು ನೀನೇನಾ? ನಿಂಗೇನು ತಲೆ ಕೆಟ್ಟಿದ್ಯಾ?"

"ಬೊಮಿ ನನ್ನ ಫ್ರೆಂಡು, ಅಮ್ಮಾ."

"ಬೊಮಿ ಸೀಟು ಬಿಟ್ಕೊಡ್ತಾಳಾ ನಿಂಗೆ?"

ಯೆರಿನ್ ಮುಖ ತಿರುಗಿಸಿದಳು. ಕಿಟಕಿಯ ಆಚೆ ಟ್ಯೂಷನ್ ಬೋರ್ಡುಗಳು ಸಾಲಾಗಿ ಉರಿಯುತ್ತಿದ್ದವು. ಅವಳಿಗೆ ಅಳು ಬಂತು, ಅಮ್ಮನಿಗೆ ಕಾಣದ ಹಾಗೆ ಒರೆಸಿಕೊಂಡಳು.

ಮರುದಿನ ಸ್ನಾನ ಮಾಡುವಾಗ ಹೊಸ ಹಾಳೆಯ ಪ್ರಶ್ನೆಗೆ ಉತ್ತರ ಥಟ್ಟನೆ ಹೊಳೆಯಿತು. ಈ ಸಲ ಮಡಿಸಬಾರದು, ತಿರುಗಿಸಬೇಕು! ಅವಳು ಒದ್ದೆ ಕೈಯಲ್ಲೇ ಬರೆದುಕೊಂಡಳು. ಖುಷಿಯಾಯಿತು. ಬೊಮಿಗೆ ಹೇಳಬೇಕು ಅನ್ನಿಸಿತು. ಹಿಂದೆಯೇ ಅಮ್ಮನ ಮಾತು ನೆನಪಾಗಿ, ಹಾಳೆಯನ್ನು ಮಡಿಸಿ ಬ್ಯಾಗಿನೊಳಗೆ ಇಟ್ಟಳು.

ಟೆಸ್ಟಿಗೆ ಮೊದಲು ಕಾರಿಡಾರಿನಲ್ಲಿ ಯಾರೂ ಗುಂಪು ಕಟ್ಟಿರಲಿಲ್ಲ. ಸಿಹು ಗೋಡೆಯ ಕಡೆ ಮುಖ ಮಾಡಿ ಓದುತ್ತಿದ್ದ. ಬೊಮಿ ಕಿಟಕಿಯ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ನಿಂತಿದ್ದಳು.

"ಯೆರಿನ್, ನಿಂಗೆ ಬಂತಾ?"

ಯೆರಿನ್ ಅವಳ ಮುಖ ನೋಡಿದಳು. ಹೇಳಬಹುದಿತ್ತು. ಒಂದೇ ಮಾತು ಸಾಕಿತ್ತು.

"ಇಲ್ಲ ಕಣೇ. ನಿಂಗೆ?"

"ನಂಗೂ ಇಲ್ಲ," ಎಂದಳು ಬೊಮಿ.

ಬೊಮಿ ತನ್ನ ಹಾಳೆಯ ಮೇಲೆ ಮೊಣಕೈ ಊರಿದ್ದಳು. ಅದರ ಪಕ್ಕದಿಂದ ಒಂದೇ ಒಂದು ಸಾಲು ಕಾಣುತ್ತಿತ್ತು. ಯೆರಿನ್ ಒದ್ದೆ ಕೈಯಲ್ಲಿ ಬರೆದುಕೊಂಡ ಕೊನೆಯ ಸಾಲು ಅದೇ.

ಬೊಮಿ ಕೇಳಿದ್ದು ಕಲಿಯುವುದಕ್ಕಲ್ಲ, ತನ್ನ ಸೀಟಿಗೆ ಪೈಪೋಟಿ ಇದೆಯಾ ಎಂದು ತಿಳಿಯುವುದಕ್ಕೆ. ಯೆರಿನ್‌ಗೆ ಅದು ಅರ್ಥವಾಯಿತು. ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಮಾಡಿಕೊಳ್ಳಲು ಬೊಮಿಗಿಂತ ತಾನೇನೂ ಬೇರೆಯಾಗಿರಲಿಲ್ಲ.

ಬಾಗಿಲು ತೆರೆಯಿತು. ಇಬ್ಬರೂ ಒಳಗೆ ಹೋಗಿ ದೂರ ದೂರದ ಬೆಂಚುಗಳಲ್ಲಿ ಕುಳಿತರು.