ಬಿರುಕಿನಲ್ಲೊಂದು ಹೆಬ್ಬೆರಳ ಗುರುತು

ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಅವಳ ಗಂಡ ಟೈಲರ್. ಹಿಂದಿನ ಸಂಜೆ ಕಾಲುಸೇತುವೆಯ ಕೆಳಗೆ ಬರುವಾಗ ಮೇಲಿನಿಂದ ಕಾಂಕ್ರೀಟ್ ತುಂಡು ಕಳಚಿ ಬಿದ್ದು ಬಲಗಾಲು ಜಜ್ಜಿಹೋಗಿತ್ತು. ವೈದ್ಯರು ಮೊಣಕಾಲಿನವರೆಗೆ ತೆಗೆದಿದ್ದರು.

"ಮೆಷಿನ್ ತುಳಿಯೋ ಕಾಲು ಸಾರ್ ಅದು" ಎಂದಳು.

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ ಸ್ಥಳಕ್ಕೆ ಹೋದರು. ತಲೆನೋವು ಶುರುವಾದದ್ದೇ ಅಲ್ಲಿಂದ. ಆ ಸೇತುವೆಗೆ ಹಾಕಿದ್ದು ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳುವ ಹೊಸ ಬಗೆಯ ಕಾಂಕ್ರೀಟಂತೆ. ಒಳಗೆ ಬೆರೆಸಿದ ಸೂಕ್ಷ್ಮಜೀವಿಗಳು ನೀರು ತಾಗಿದೊಡನೆ ಎಚ್ಚೆತ್ತು ಸುಣ್ಣ ಕಟ್ಟುತ್ತವಂತೆ. ಗುತ್ತಿಗೆದಾರ ಎಂಜಿನಿಯರ್ ಕಡೆ ಬೆರಳು ತೋರಿಸಿದ. ಎಂಜಿನಿಯರ್ ಆ ಕಾಂಕ್ರೀಟ್ ಕಂಡುಹಿಡಿದ ಪ್ರಯೋಗಾಲಯದ ಕಡೆ ತೋರಿಸಿದ.

"ಬಿರುಕು ಕಂಡಾಗ ಏನ್ ಮಾಡಿದ್ರಿ?" ಇನ್‌ಸ್ಪೆಕ್ಟರ್ ಎಂಜಿನಿಯರನ್ನು ಕೇಳಿದರು.

"ಏನೂ ಮಾಡೋ ಹಾಗಿಲ್ಲ ಸಾರ್. ತಾನಾಗೇ ವಾಸಿಯಾಗುತ್ತೆ."

"ಆಯ್ತಾ?"

"ಆಯ್ತು. ಬೆಳ್ಳಗೆ ಮುಚ್ಕೊಂಡಿತ್ತು, ನಾನೇ ನೋಡಿದೀನಿ."

ಯಾರನ್ನು ಕೇಳಿದರೂ ಅದೇ ರಾಗ, ಅದೇ ಹಾಡು. ಟೈಲರನ ಹೆಂಡತಿ ದಿನವೂ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಇನ್‌ಸ್ಪೆಕ್ಟರ್ ಕಡತವನ್ನು ಮೇಜಿಗೆ ಕುಕ್ಕಿದರು. "ಹಾಗಾದ್ರೆ ಸೇತುವೆಗೇ ಕೋಳ ಹಾಕ್ಲೇನ್ರೀ?"

ಗುರುವಾರ ಏಣಿ ತರಿಸಿ ಮತ್ತೊಮ್ಮೆ ಪಂಚನಾಮೆ ಮಾಡಿದರು. ಮೇಲೆ ಹತ್ತಿದ ಹೆಡ್ ಕಾನ್‌ಸ್ಟೆಬಲ್, ತುಂಡು ಕಳಚಿದ ಜಾಗದ ಪಕ್ಕ ಉಳಿದಿದ್ದ ಬಿಳಿ ಗೆರೆಗೆ ಟಾರ್ಚ್ ಹಿಡಿದ.

"ಸಾರ್, ಇದು ತಾನಾಗೇ ಬೆಳೆದಿದ್ದಾದ್ರೆ, ಇದರ ಮೇಲೆ ಹೆಬ್ಬೆರಳ ಗುರುತು ಯಾರದು?"

ಅದು ಪೇಂಟರುಗಳು ಗೋಡೆಗೆ ಬಳಿಯುವ ಪುಟ್ಟಿ ಎಂದು ವಿಧಿವಿಜ್ಞಾನ ವರದಿ ಬಂತು. ಮೇಲೆ ಹತ್ತಿ ಪರೀಕ್ಷಿಸುವ ಅನುಮತಿ ಇದ್ದದ್ದು ಪ್ರಯೋಗಾಲಯದವರಿಗೆ ಮಾತ್ರ. ಅವರೆಲ್ಲರ ಬೆರಳಚ್ಚು ತೆಗೆಸಿದಾಗ ತಾಳೆಯಾದದ್ದು ಆ ಕಾಂಕ್ರೀಟನ್ನು ರೂಪಿಸಿದ ಹಿರಿಯ ವಿಜ್ಞಾನಿಯದೇ. ನಿವೃತ್ತಿಗೆ ಹತ್ತಿರವಾದ ಹೆಂಗಸು.

"ಪುಟ್ಟಿ ಯಾಕೆ ಮೆತ್ತಿದ್ರಿ, ಮೇಡಂ?"

"ಬಿರುಕು ಇನ್ನೂ ಕಾಣ್ತಿದ್ದಿದ್ರೆ ಎಂಜಿನಿಯರ್‌ಗಳು ರಿಪೇರಿ ಮಾಡಿಬಿಡ್ತಿದ್ರು. ಇನ್ನೂ ಸ್ವಲ್ಪ ಟೈಮ್ ಸಿಕ್ಕಿದ್ರೆ ತಾನೇ ಮುಚ್ಕೊಳ್ತಿತ್ತು. ಲ್ಯಾಬಲ್ಲಿ ಪ್ರತಿ ಸಲ ಮುಚ್ಕೊಂಡಿದೆ."

"ಕೆಳಗೆ ಜನ ಓಡಾಡ್ತಾರೆ ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು. ನಾನೂ ದಿನಾ ಅದರ ಕೆಳಗೇ ಓಡಾಡ್ತಿದ್ದೆ."

ಇನ್‌ಸ್ಪೆಕ್ಟರ್ ಬಂಧನದ ಕಾಗದಕ್ಕೆ ಸಹಿ ಹಾಕಿದರು. ಆಕೆ ಯಾರಿಂದಲೂ ಲಂಚ ಮುಟ್ಟಿರಲಿಲ್ಲ. ಮುಚ್ಚಿಕೊಳ್ಳುತ್ತದೆ ಎಂದು ಅರ್ಧ ಆಯುಷ್ಯ ಹೇಳಿಕೊಂಡು ಬಂದ ಬಾಯಿಗೆ, ಮುಚ್ಚಿಕೊಳ್ಳಲಿಲ್ಲ ಎನ್ನಲು ಆಗಿರಲಿಲ್ಲ, ಅಷ್ಟೆ. ದುಡ್ಡು ತಿಂದಿದ್ದರೆ ಬಯ್ಯುವುದಾದರೂ ಸುಲಭವಾಗುತ್ತಿತ್ತು.

ಬಾಗಿಲಲ್ಲಿ ಟೈಲರನ ಹೆಂಡತಿ ಕೇಳಿದಳು: "ಯಾಕೆ ಹಾಗೆ ಮಾಡಿದ್ರಂತೆ?"

"ನಂಬಿಬಿಟ್ಟಿದ್ರಂತೆ, ತಾಯಿ" ಎಂದ ಇನ್‌ಸ್ಪೆಕ್ಟರ್, ಅವಳ ಮುಖ ನೋಡಲಾಗದೆ ಟೋಪಿ ಹುಡುಕತೊಡಗಿದರು.